‘ಶಕ್ತಿಗುಂದಿದ’ ಅಂದ್ರೆ ದುರ್ಬಲನೋ ನಿತ್ರಾಣನೋ? ಪದಬಂಧದ ಮೂರು ಮನೆ ತಕರಾರು

ಪ್ರಶ್ನೆ: ನಮ್ಮನೇಲಿ ಬೆಳಿಗ್ಗೆ ಪೇಪರ್ ಬಂದ ತಕ್ಷಣ ಪದಬಂಧ ಮಾವನವರ ಪಾಲು, ಅವರು ಬಿಟ್ಟ ಮನೆಗಳು ನನ್ನ ಪಾಲು. ಮೊನ್ನೆ ಎಡದಿಂದ ಬಲಕ್ಕೆ ‘ಶಕ್ತಿಗುಂದಿದ (3)’ ಅಂತ ಸುಳಿವಿತ್ತು. ಮಾವ ‘ದುರ್ಬಲ’ ಅಂತ ಬರೆದ್ರು. ಅದರ ಕೊನೇ ಮನೆಗೆ ಮೇಲಿನಿಂದ ಇಳಿದು ಬರೋ ‘ಸಮಯ (2)’ ಅನ್ನೋದಕ್ಕೆ ‘ಕಾಲ’ ಅಂತ ಸರಿಯಾಗಿ ಕೂತ್ಕೊಂಡ್ತು. ಮೊದಲ ಎರಡು ಮನೆಗೆ ಬೇರೆ ಯಾವ ಪದವೂ ಅಡ್ಡ ಬರಲ್ಲ. ಮರುದಿನ ಉತ್ತರ ನೋಡಿದ್ರೆ ‘ನಿತ್ರಾಣ’ ಮತ್ತು ‘ಕ್ಷಣ’! ಮಾವ ಒಪ್ತಾನೇ ಇಲ್ಲ. ನಾನು ‘ಅಶಕ್ತ’ ಇರ್ಬೇಕು ಅಂದ್ಕೊಂಡಿದ್ದೆ. ನಿಘಂಟು ತೆಗೆದ್ರೆ ಒಂದರ ಅರ್ಥದಲ್ಲಿ ಇನ್ನೊಂದನ್ನ ಕೊಟ್ಟಿದ್ದಾರೆ. ಹಾಗಾದ್ರೆ ಯಾವುದು ಅಂತ ತಿಳಿಯೋದು ಹೇಗೆ? ಈ ನಿತ್ರಾಣ ಅನ್ನೋ ಪದ ಎಲ್ಲಿಂದ ಬಂತು?

ಉತ್ತರ: ಮೇಡಂ, ಮೊದಲು ನಿಮ್ಮ ಮಾವನವರ ಪರವಾಗಿ ಒಂದು ಮಾತು ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ‘ಶಕ್ತಿಗುಂದಿದ’ ಅನ್ನೋದಕ್ಕೆ ‘ದುರ್ಬಲ’ ತಪ್ಪು ಅಲ್ಲ, ಯಾವ ನಿಘಂಟು ಮುಂದಿಟ್ಕೊಂಡು ನೋಡಿದ್ರೂ ಅಲ್ಲ. ಅವತ್ತಿನ ಪದಬಂಧದ ಉತ್ತರ ಅದಾಗಿರಲಿಲ್ಲ ಅಷ್ಟೇ. ಎಡವಟ್ಟಾಗಿರೋದು ಆ ಕೊನೇ ಮನೇಲಿ. ‘ಸಮಯ’ ಅಂತ ಕೊಟ್ಟು ‘ಕ್ಷಣ’ ಬರೀರಿ ಅನ್ನೋದು ಸ್ವಲ್ಪ ಜಾಸ್ತಿನೇ ಆಯ್ತು, ಸಮಯ ಅಂದ ಕೂಡ್ಲೇ ಹತ್ತರಲ್ಲಿ ಒಂಬತ್ತು ಜನಕ್ಕೆ ‘ಕಾಲ’ನೇ ಹೊಳೆಯೋದು, ‘ತೀರಾ ಸಣ್ಣ ಅವಧಿ’ ಅಂತ ಕೊಟ್ಟಿದ್ರೆ ಈ ಜಗಳನೇ ಇರ್ತಿರಲಿಲ್ಲ. ಎರಡು ಸಡಿಲ ಸುಳಿವು ಒಂದಕ್ಕೊಂದು ಸಾಕ್ಷಿ ಹೇಳೋಕೆ ನಿಂತ್ರೆ ಹೀಗೇ ಆಗೋದು. ದುರ್ಬಲ ಸರಿ ಯಾಕೆ ಅಂದ್ರೆ ಕಾಲ ಇದೆ, ಕಾಲ ಸರಿ ಯಾಕೆ ಅಂದ್ರೆ ದುರ್ಬಲ ಇದೆ, ಇನ್ನು ಮೂರನೇ ಸಾಕ್ಷಿ ಎಲ್ಲಿ? ಮೊದಲ ಎರಡು ಮನೆ ಖಾಲಿ ಬಿಟ್ಟವರು ಪದಬಂಧ ಮಾಡಿದವರು, ಆ ತಪ್ಪು ಮಾವನವರ ಮೇಲೆ ಬರಲ್ಲ.

ಆದ್ರೆ ನಿಮ್ಮ ‘ಅಶಕ್ತ’ ಮಾತ್ರ ಅವತ್ತೇ ಬಿದ್ದು ಹೋಗಿತ್ತು ನೋಡಿ. ‘ಕ್ತ’ದಲ್ಲಿ ಮುಗಿಯೋ ಎರಡಕ್ಷರದ ‘ಸಮಯ’ ಎಲ್ಲಿ ತರ್ತೀರಿ? ‘ನಿಶ್ಶಕ್ತ’ನೂ ಅದೇ ಕಾರಣಕ್ಕೆ ಔಟ್. ‘ಕಾಲ’ ಹಿಡ್ಕೊಂಡ್ರೆ ‘ಲ’ದಲ್ಲಿ ಮುಗಿಯೋದು ದುರ್ಬಲ, ನಿರ್ಬಲ, ಶಿಥಿಲ ಅಂತ ಮೂರು ಬರ್ತಾವೆ, ಮೂರರಲ್ಲಿ ಯಾವುದು ಅಂತ ಹೇಳೋಕೆ ಗ್ರಿಡ್ಡಲ್ಲಿ ಏನೂ ಇಲ್ಲ. ‘ಕ್ಷಣ’ ಹಿಡ್ಕೊಂಡ್ರೆ ‘ಣ’ದಲ್ಲಿ ಮುಗಿಯೋ ಮೂರಕ್ಷರದ ಶಕ್ತಿಹೀನತೆ ನನಗೆ ಥಟ್ ಅಂತ ಹೊಳೆಯೋದು ನಿತ್ರಾಣ ಒಂದೇ. ಅಂದ್ರೆ ಈ ಗ್ರಿಡ್ಡನ್ನ ಬಿಡಿಸೋಕೆ ಒಂದೇ ದಾರಿ ಇತ್ತು, ‘ಸಮಯ’ಕ್ಕೆ ಎರಡಕ್ಷರದಲ್ಲಿ ಏನೇನು ಬರಬಹುದು ಅಂತ ಪಕ್ಕದಲ್ಲಿ ಬರ್ಕೊಂಡು, ಕಾಲ, ಕ್ಷಣ, ವೇಳೆ, ಹೊತ್ತು, ಗಳಿಗೆ ಅಲ್ಲ ಅದು ಮೂರು, ಪ್ರತಿಯೊಂದರ ಕೊನೇ ಅಕ್ಷರಕ್ಕೂ ಎಡದ ಪದ ಯಾವುದು ಕೂರತ್ತೆ ಅಂತ ನೋಡೋದು. ಯಾವ ಜೋಡೀಲಿ ಆಯ್ಕೆಗೆ ಜಾಗನೇ ಇರಲ್ವೋ ಅದನ್ನೇ ಹಿಡೀಬೇಕು. ಪದಬಂಧ ಮಾಡೋರು ಸಾಮಾನ್ಯವಾಗಿ ಒಂದೇ ಉತ್ತರ ಬರೋ ಥರ ಮಾಡೋಕೆ ನೋಡಿರ್ತಾರೆ, ಆದ್ರಿಂದ ಮೂರು ಉತ್ತರ ಸಲೀಸಾಗಿ ಕೂರೋ ಕಡೆ ಅನುಮಾನ ಪಡಿ.

ಇಲ್ಲೊಂದು ವಿಷಯ ಹೇಳ್ಬೇಕು, ಯಾಕಂದ್ರೆ ಇಂಗ್ಲಿಷ್ ಕ್ರಾಸ್‌ವರ್ಡ್ ಮಾಡೋರು ಕನ್ನಡ ಪದಬಂಧ ನೋಡಿ ‘ಏನ್ರೀ ಇಷ್ಟೊಂದು ಕರೀ ಮನೆ, ಅಡ್ಡ ಪದಗಳೇ ಕಮ್ಮಿ’ ಅಂತ ಮೂಗು ಮುರೀತಾರೆ. ಇಂಗ್ಲಿಷ್ ಆಟ ಹುಟ್ಟಿದ್ದು 1913ರ ಡಿಸೆಂಬರ್ 21ಕ್ಕೆ, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೇಲಿ, ಆರ್ಥರ್ ವಿನ್ ಅನ್ನೋರು ವಜ್ರದ ಆಕಾರದಲ್ಲಿ ಮಾಡಿದ್ದು. (ನಮ್ಮ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ 1913ರಲ್ಲೇ, ಈ ಕಾಕತಾಳೀಯ ನನಗೆ ಯಾವತ್ತೂ ಖುಷಿ ಕೊಡತ್ತೆ.) ಅಲ್ಲಿ ಒಂದು ಮನೇಲಿ ಬರೋಕೆ ಸಾಧ್ಯ ಇರೋದು 26 ಅಕ್ಷರ. ನಮ್ಮಲ್ಲಿ? ವರ್ಣಮಾಲೆ 49 ಅಂತ ಶಾಲೇಲಿ ಓದಿರ್ತೀವಿ, ಆದ್ರೆ ಪದಬಂಧದ ಮನೇಲಿ ಕೂರೋದು ವರ್ಣಮಾಲೆ ಅಲ್ಲ, ಕಾಗುಣಿತ. 34 ವ್ಯಂಜನಕ್ಕೆ 13 ಸ್ವರ ಹಚ್ಚಿದ್ರೆ 442, ಅದರ ಮೇಲೆ ಅನುಸ್ವಾರ, ವಿಸರ್ಗ, ಆಮೇಲೆ ಒತ್ತಕ್ಷರಗಳು, ಲೆಕ್ಕಕ್ಕೇ ಸಿಗಲ್ಲ. ಹಾಗಾಗಿ ಎರಡು ಪದ ಒಂದು ಮನೇಲಿ ಕೂಡೋದೇ ಕಷ್ಟ, ‘ತ್ರಾ’ ಇರೋ ಇನ್ನೊಂದು ಪದ ಹುಡುಕಿ ಅಡ್ಡ ಹಾಕೋ ಹೊತ್ತಿಗೆ ಸಾಕುಸಾಕಾಗತ್ತೆ, ಛಾತ್ರಾಲಯ, ಯಾತ್ರಾರ್ಥಿ ಅಂತ ಅಲ್ಲಲ್ಲೇ ಸುತ್ತಬೇಕು. ಅದಕ್ಕೇ ಮಾಡೋರು ಆ ಮನೇನ ಒಂಟಿಯಾಗಿ ಬಿಟ್ಬಿಡ್ತಾರೆ. ಅದೇ ಕಾರಣಕ್ಕೆ ಅಡ್ಡ ಪದ ಒಂದು ಸಿಕ್ಕಿದ್ರೆ ಅದರ ಬೆಲೆ ಇಂಗ್ಲಿಷಿಗಿಂತ ಹತ್ತು ಪಟ್ಟು. ಆ ಮಧ್ಯದ ಮನೇಲಿ ‘ತ್ರಾ’ ಅಂತ ಬಿದ್ದಿದ್ರೆ ಸುಳಿವನ್ನ ಓದದೇ ಉತ್ತರ ಬರೀಬಹುದಿತ್ತು.

ಮನೆ ಎಣಿಸೋದ್ರಲ್ಲೂ ಹೊಸಬರು ಎಡವ್ತಾರೆ, ಅದನ್ನೂ ಹೇಳಿ ಮುಂದೆ ಹೋಗ್ತೀನಿ. ದುರ್ಬಲ ಅಂದ್ರೆ ದು, ರ್ಬ, ಲ ಅಂತ ಮೂರೇ ಮನೆ, ಅರ್ಕಾವತ್ತು ಮುಂದಿನ ಅಕ್ಷರದ ಮನೇಲೇ ಇರತ್ತೆ. ಇದರಿಂದ ಒಂದು ತಮಾಷೆ ಆಗತ್ತೆ, ‘ಬಲಹೀನ’ದ ಮನೆಗಳಲ್ಲಿ ‘ಬಲ’ ಇದೆ, ‘ದುರ್ಬಲ’ದ ಮನೆಗಳಲ್ಲಿ ‘ಬಲ’ ಇಲ್ಲ, ಅಲ್ಲಿರೋದು ‘ರ್ಬಲ’. ಹಾಗಾಗಿ ‘ಬಲ ಅಡಗಿರುವ ಬಲವಿಲ್ಲದವ’ ಅಂತ ಸುಳಿವು ಬಂದ್ರೆ ನಾಲ್ಕು ಮನೇದು ಬಲಹೀನ ಅಂತ ಧೈರ್ಯವಾಗಿ ಬರೀರಿ.

ಈಗ ನಿತ್ರಾಣಕ್ಕೆ ಬರೋಣ, ನಿಮ್ಮ ಪ್ರಶ್ನೇಲಿ ನನಗೆ ರುಚಿ ಹತ್ತಿದ್ದು ಇದೇ. ಒಡೆದ್ರೆ ಸುಲಭ, ‘ತ್ರಾಣ’ ಇಲ್ಲದ್ದು. ಆದ್ರೆ ಈ ತ್ರಾಣ ಇದೆಯಲ್ಲ, ಅದು ಸಂಸ್ಕೃತದಲ್ಲಿ ಶಕ್ತಿ ಅಲ್ಲ, ರಕ್ಷಣೆ. ಗೀತೆಯ ನಾಲ್ಕನೇ ಅಧ್ಯಾಯದ ‘ಪರಿತ್ರಾಣಾಯ ಸಾಧೂನಾಂ’ ಎಲ್ರಿಗೂ ಗೊತ್ತು, ಅಲ್ಲಿ ಪರಿತ್ರಾಣ ಅಂದ್ರೆ ಕಾಪಾಡೋದು. ‘ತ್ರಾಹಿ ತ್ರಾಹಿ’ ಅಂತ ಕೂಗೋದೂ ಅದೇ ಧಾತು, ಕಾಪಾಡು ಕಾಪಾಡು ಅಂತ. ಶಿರಸ್ತ್ರಾಣ ಅಂದ್ರೆ ತಲೆ ಕಾಯೋದು, ಹೆಲ್ಮೆಟ್. ಪದಬಂಧದವರಿಗೆ ಶಿರಸ್ತ್ರಾಣ ಬಲು ಪ್ರೀತಿ, ಟ್ರಾಫಿಕ್ ಪೊಲೀಸರಿಗಿಂತ ಜಾಸ್ತಿ ಸಲ ಹೆಲ್ಮೆಟ್ ಹಾಕಿಸಿರ್ತಾರೆ.

ಕನ್ನಡಕ್ಕೆ ಬರೋ ಹೊತ್ತಿಗೆ ತ್ರಾಣದ ಅರ್ಥ ಪಕ್ಕಕ್ಕೆ ಸರಿದಿದೆ. ‘ಮೈಯಲ್ಲಿ ತ್ರಾಣ ಇಲ್ಲ’ ಅಂದ್ರೆ ಇಲ್ಲಿ ಯಾರೂ ರಕ್ಷಣೆ ಇಲ್ಲ ಅಂತ ತಿಳ್ಕೊಳ್ಳಲ್ಲ, ಶಕ್ತಿ ಇಲ್ಲ ಅಂತಲೇ. ಮರಾಠಿಯಲ್ಲೂ ತ್ರಾಣ ಅಂದ್ರೆ ಕಸುವು. ತನ್ನನ್ನ ತಾನು ಕಾಪಾಡ್ಕೊಳ್ಳೋ ಕಸುವು ಅನ್ನೋ ಕಡೆಯಿಂದ ಅರ್ಥ ಹೊರಳಿರಬಹುದು. ಏನೇ ಇರಲಿ, ಉತ್ತರ ಕರ್ನಾಟಕದ ಕಡೆ ‘ಮೈಯಾಗ ತ್ರಾಣ ಇಲ್ಲ ನೋಡ್ರಿ’ ಅಂತ ಹೊಲದಿಂದ ಬಂದವರು ಹೇಳ್ತಾರೆ, ಅಲ್ಲಿ ಅದು ಪುಸ್ತಕದ ಪದ ಅಲ್ಲವೇ ಅಲ್ಲ, ಜ್ವರ ಬಿಟ್ಟ ಮೇಲೆ ಹಾಸಿಗೆಯಿಂದ ಎದ್ದು ನಿಂತಾಗ ಮೊಣಕಾಲು ನಡುಗತ್ತಲ್ಲ, ಆ ಸ್ಥಿತಿಗಿರೋ ಹೆಸರು.

ದುರ್ಬಲಕ್ಕೂ ನಿತ್ರಾಣಕ್ಕೂ ಇರೋ ಫರಕು ಇಲ್ಲೇ ಇದೆ, ನಿಘಂಟು ಇದನ್ನ ಹೇಳಲ್ಲ, ಅಥವಾ ಹೇಳಿದ್ರೂ ಒಂದು ಸಾಲಲ್ಲಿ ಕಾಣಿಸಲ್ಲ. ನಿತ್ರಾಣ ಆಗೋದು ಮೈಗೆ. ಉಪವಾಸ, ಭೇದಿ, ಬಿಸಿಲು, ಬಾಣಂತನ, ಹೀಗೆ ಏನೋ ಒಂದು ಆಗಿ ಶಕ್ತಿ ಇಳಿದುಹೋಗಿರತ್ತೆ, ಒಂದಷ್ಟು ಗಂಜಿ, ನಿದ್ದೆ ಕೊಟ್ರೆ ವಾಪಸ್ ಬರತ್ತೆ. ದುರ್ಬಲ ಆಗೋಕೆ ಮೈಯೇ ಬೇಕಾಗಿಲ್ಲ. ರೂಪಾಯಿ ದುರ್ಬಲ ಆಗತ್ತೆ, ಮುಂಗಾರು ದುರ್ಬಲ ಆಗತ್ತೆ, ಕೋರ್ಟಲ್ಲಿ ವಾದ ದುರ್ಬಲ ಆಗತ್ತೆ, ಸರ್ಕಾರಿ ಆದೇಶದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗ ಅಂತ ಇರತ್ತೆ. ಇಲ್ಲೆಲ್ಲ ನಿತ್ರಾಣ ಹಾಕಿ ನೋಡಿ, ‘ನಿತ್ರಾಣ ವರ್ಗ’ ಅಂದ್ರೆ ಎಲ್ರೂ ಗ್ಲೂಕೋಸ್ ಬಾಟಲಿ ಹಾಕ್ಕೊಂಡು ಮಲಗಿರೋ ಹಾಗೆ ಕೇಳತ್ತೆ. ಇನ್ನು ಅಶಕ್ತ, ಅದರಲ್ಲಿ ‘ಆಗದು’ ಅನ್ನೋ ಮಾತು ಮುಖ್ಯ. ಶಕ್ ಅನ್ನೋ ಧಾತುವಿಗೆ ಅರ್ಥವೇ ಸಾಧ್ಯ ಆಗೋದು ಅಂತ, ಶಕ್ಯ ಅಶಕ್ಯ ಅಂತೀವಲ್ಲ ಅದೇ. ಅದಕ್ಕೇ ‘ದುಡಿಯಲು ಅಶಕ್ತರು’ ಅಂತ ಬರೀತಾರೆ, ‘ದುಡಿಯಲು ದುರ್ಬಲರು’ ಅಂತ ಯಾರೂ ಬರೆಯಲ್ಲ. ಒಂದು ಕೆಲಸ ಹೆಸರಿಸಿ ‘ಅದು ಆಗದವನು’ ಅಂತ ಸುಳಿವು ಬಂದ್ರೆ ಅಶಕ್ತ, ಅಸಮರ್ಥ ಆ ಕಡೆ ಹುಡುಕಿ.

ಅಬಲೆ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮೂರು ಮನೆ ಅಂದ ಕೂಡ್ಲೇ ಅದು ಬಂದೇ ಬರತ್ತೆ. ಬಲ ಇಲ್ಲದವಳು ಅನ್ನೋ ಪದವನ್ನೇ ಹೆಂಗಸಿಗೆ ಇನ್ನೊಂದು ಹೆಸರು ಅಂತ ಹಳೇ ಕವಿಗಳು ಬಳಸಿದ್ರು, ಪದಬಂಧದಲ್ಲಿ ಈಗ್ಲೂ ‘ಸ್ತ್ರೀ (3)’ ಅಂತ ಬರೀ ಸುಳಿವು ಕೊಟ್ಟು ಅಬಲೆ ಬರೆಸೋದು ಕಂಡ್ರೆ ನನಗೆ ಕಿರಿಕಿರಿ. ‘ವನಿತೆ’ ಇದೆ, ‘ಮಹಿಳೆ’ ಇದೆ, ಎರಡೂ ಮೂರೇ ಮನೆ. ಅಬಲೆನೇ ಬೇಕು ಅಂದ್ರೆ ಅಕ್ಷರದ ಆಟ ಆಡಿ, ‘ಮೀನಿನ ಜಾಲಕ್ಕೆ ಮುಂದೆ ಅ ಇಟ್ಟರೆ ಬಲವಿಲ್ಲದವಳು’ ಅಂತ, ಅ ಮತ್ತು ಬಲೆ. ಬಿಡಿಸೋರಿಗೂ ಖುಷಿ.

ಎರಡಕ್ಷರಕ್ಕೆ ಬಂದ್ರೆ ಕೃಶ, ಕ್ಷೀಣ, ಸುಸ್ತು ಈ ಮೂರೇ ತಿರುಗಿ ತಿರುಗಿ ಬರೋದು. ಕೃಶ ಅಂದ್ರೆ ಸಣ್ಣಗಾಗಿರೋದು, ಕೃಶಕಾಯ ಅಂತೀವಿ, ಶಕ್ತಿ ಇದೆಯೋ ಇಲ್ವೋ ಅದು ಬೇರೆ ಮಾತು, ಕೃಶವಾಗಿದ್ದೂ ಬೆಟ್ಟ ಹತ್ತೋರು ಬೇಕಾದಷ್ಟಿದ್ದಾರೆ. ಕ್ಷೀಣ ಅಂದ್ರೆ ಕಮ್ಮಿ ಆಗ್ತಾ ಬಂದಿರೋದು, ಮೊದಲು ಜಾಸ್ತಿ ಇದ್ದಿದ್ದು. ಧ್ವನಿ ಕ್ಷೀಣ, ಚಂದ್ರ ಕ್ಷೀಣ, ಬೆಳಕು ಕ್ಷೀಣ. ಕ್ಷಯ ರೋಗದ ಕ್ಷಯವೂ ಅದೇ ಮೂಲ, ಮನುಷ್ಯ ದಿನದಿನಕ್ಕೆ ಕರಗ್ತಾ ಹೋಗ್ತಾನೆ ಅಂತ. ಸುಸ್ತು ಪರ್ಷಿಯನ್ ಕಡೆಯಿಂದ ಬಂದದ್ದು, ಹಿಂದಿಯವರಿಗೆ ಸುಸ್ತ್ ಅಂದ್ರೆ ಸೋಮಾರಿ, ಮಂದ. ನಮ್ಮಲ್ಲಿ ಸುಸ್ತಾದವನು ಸೋಮಾರಿ ಅಲ್ಲ, ದಣಿದವನು. ಹಿಂದಿ ಸಿನಿಮಾ ನೋಡಿ ಕನ್ನಡ ಪದಬಂಧ ಬಿಡಿಸೋ ಹುಡುಗರು ಇಲ್ಲಿ ಎಡವ್ತಾರೆ. ಅದೇ ಬಳಗದ್ದು ಕಮಜೋರಿ, ಕಮ್ ಅಂದ್ರೆ ಕಮ್ಮಿ, ಜೋರು ಗೊತ್ತಲ್ಲ, ಕಮ್ಮಿ ಜೋರು. ಕಲಬುರಗಿ ಬೀದರ್ ಕಡೆ ಸಲೀಸಾಗಿ ಓಡಾಡತ್ತೆ, ಬೆಂಗಳೂರಿನ ಪದಬಂಧದಲ್ಲಿ ಕಾಣೋದು ಕಮ್ಮಿ. ಕರಾವಳಿ ಕಡೆಯ ‘ಬಚ್ಚುವುದು’ ಕೂಡ ಹಾಗೇ, ದಣಿಯೋದಕ್ಕೆ ಅಲ್ಲಿನವರ ಬಾಯಲ್ಲಿ ದಿನಾ ಬರೋ ಪದ, ಪದಬಂಧಕ್ಕೆ ಮಾತ್ರ ಅಪರೂಪದ ನೆಂಟ.

ಅಚ್ಚಗನ್ನಡದ ಪದಗಳು ಬಂದ್ರೆ ನನಗೆ ಜಾಸ್ತಿ ಇಷ್ಟ, ಬಿಡಿಸೋದೂ ಸುಲಭ, ಯಾಕಂದ್ರೆ ಕಣ್ಣೆದುರಿಗೆ ಚಿತ್ರ ಬರತ್ತೆ. ಬಡಕಲು ನಾಲ್ಕು ಮನೆ, ಸಣಕಲು ನಾಲ್ಕು ಮನೆ, ಎರಡರ ಕೊನೆಗೂ ‘ಕಲು’ ಇರೋದ್ರಿಂದ ಕೊನೇ ಅಕ್ಷರ ಸಿಕ್ಕಿತು ಅಂತ ಹಿಗ್ಗಬೇಡಿ, ಮೊದಲ ಎರಡರಲ್ಲಿ ಒಂದು ಸಿಗೋ ತನಕ ಕಾಯಿರಿ. ಬಡಕಲಿನಲ್ಲಿರೋ ‘ಬಡ’ ಇದೆಯಲ್ಲ, ಹಳೇ ಕಾವ್ಯದಲ್ಲಿ ಹೆಣ್ಣಿನ ಸಣ್ಣ ಸೊಂಟಕ್ಕೆ ಬಡನಡು ಅಂತಾರೆ, ಅಲ್ಲಿ ಬಡತನ ಏನೂ ಇಲ್ಲ, ತೆಳ್ಳಗೆ ಅಂತ ಅಷ್ಟೇ. ದುಡ್ಡಿಲ್ಲದವನಿಗೆ ಬಡವ ಅನ್ನೋದೂ ಅದೇ ‘ಬಡ’. ನರಪೇತಲ ಐದು ಮನೆ, ಬೈಗುಳಕ್ಕೆ ಹತ್ತಿರ, ಆದ್ರಿಂದ ಸುಳಿವೂ ಸ್ವಲ್ಪ ಗೇಲಿ ಮಾಡೋ ಥರ ಇರತ್ತೆ. ಕಡ್ಡಿ ಪೈಲ್ವಾನ ಅಂತಲೂ ಒಮ್ಮೊಮ್ಮೆ ಬರತ್ತೆ. ಸೊರಗು ಅನ್ನೋದು ಕ್ರಿಯಾಪದ, ಮನುಷ್ಯರಿಗಿಂತ ಗಿಡಕ್ಕೆ ಜಾಸ್ತಿ ಒಪ್ಪತ್ತೆ, ಮಲೆನಾಡಿನ ಮೆಣಸು ಬೆಳೆಗಾರರಿಗೆ ಸೊರಗು ರೋಗ ಅಂದ್ರೆ ಎದೆ ಧಸಕ್ ಅನ್ನತ್ತೆ, ಬಳ್ಳಿ ಎಲೆ ಬಾಡಿಸ್ಕೊಂಡು ಕೆಲವೇ ದಿನದಲ್ಲಿ ಮುಗೀತು. ಕಲಬುರಗಿ ತೊಗರಿಯವರು ಇಂಥದ್ದಕ್ಕೇ ನೆಟೆ ರೋಗ ಅಂತಾರೆ. ‘ಬಾಡಿ ಬಲ ಕಳೆದುಕೋ (3)’ ಅಂತ ಬಂದ್ರೆ ಸೊರಗು.

ಪೇಲವ ಅನ್ನೋ ಪದ ಇಂಗ್ಲಿಷಿನ ‘ಪೇಲ್’ ಇಂದ ಬಂದಿದ್ದು ಅಂತ ತುಂಬಾ ಜನ ನಂಬಿದ್ದಾರೆ, ಬಣ್ಣಗೆಟ್ಟ ಮುಖಕ್ಕೆ ಪೇಲವ ಅನ್ನೋದ್ರಿಂದ ಹಾಗೆ ಅನ್ನಿಸೋದು ಸಹಜ. ಅದು ಶುದ್ಧ ಸಂಸ್ಕೃತ, ಕೋಮಲ, ಮೃದು ಅಂತ ಅರ್ಥ. ಕಾಳಿದಾಸನ ಕುಮಾರಸಂಭವದ ಐದನೇ ಸರ್ಗದಲ್ಲಿ ತಪಸ್ಸಿಗೆ ಹೊರಟ ಪಾರ್ವತಿಗೆ ತಾಯಿ ಹೇಳೋ ಮಾತಿನಲ್ಲಿ ಬರತ್ತೆ, ಶಿರೀಷದ ಹೂವು ದುಂಬಿಯ ಕಾಲನ್ನ ತಡೆದೀತು, ಹಕ್ಕಿಯ ಕಾಲನ್ನ ತಡೆಯಲಾರದು ಅಂತ. ಶಿರೀಷ ಅಂದ್ರೆ ನಮ್ಮ ಬಾಗೆ ಮರ, ಆ ಹೂವಿನ ಎಳೆ ಮುಟ್ಟಿ ನೋಡಿದವರಿಗೆ ಪೇಲವ ಅಂದ್ರೆ ಏನು ಅಂತ ನಿಘಂಟು ಬೇಡ. ಅಲ್ಲಿ ಹೊಗಳಿಕೆ, ಕನ್ನಡದ ಸಿನಿಮಾ ವಿಮರ್ಶೇಲಿ ‘ದ್ವಿತೀಯಾರ್ಧ ಪೇಲವ’ ಅಂದ್ರೆ ಬೈಗುಳ.

ಶಿಥಿಲಕ್ಕೆ ಕಟ್ಟಡ ಬೇಕು, ಸೇತುವೆ ಬೇಕು, ಶಾಲೆಯ ಚಾವಣಿ ಬೇಕು. ಮನುಷ್ಯರಿಗೆ ಹೇಳೋದಾದ್ರೆ ವಯಸ್ಸಾದ ದೇಹಕ್ಕೆ ಹೇಳ್ತಾರೆ, ಅಲ್ಲೂ ದೇಹವನ್ನ ಕಟ್ಟಡ ಅಂತಲೇ ನೋಡಿರ್ತಾರೆ. ನಮ್ಮ ವ್ಯಾಕರಣದಲ್ಲಿ ಅಕ್ಷರವೂ ಶಿಥಿಲ ಆಗತ್ತೆ ಅನ್ನೋದು ಗಮ್ಮತ್ತು. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಶಿಥಿಲದ್ವಿತ್ವ ಅಂತ ಹೇಳಿದ್ದಾನೆ, ಒತ್ತಕ್ಷರ ಇದ್ರೂ ಅದನ್ನ ಸಡಿಲವಾಗಿ ಉಚ್ಚರಿಸೋದ್ರಿಂದ ಹಿಂದಿನ ಅಕ್ಷರ ಗುರು ಆಗದೆ ಲಘುವಾಗೇ ಉಳಿಯತ್ತೆ ಅಂತ. ಇದು ಪದಬಂಧಕ್ಕೆ ಬರೋದು ಬಲು ಅಪರೂಪ, ಮಾವನವರಿಗೆ ಛಂದಸ್ಸಿನ ಹುಚ್ಚಿದ್ರೆ ಇರಲಿ ಅಂತ ಹೇಳಿದೆ.

ಇನ್ನು ನಿಘಂಟಿನ ತಕರಾರು. ಒಂದರ ಅರ್ಥದಲ್ಲಿ ಇನ್ನೊಂದಿದೆ, ಅದರಲ್ಲಿ ಇದಿದೆ ಅಂತ ನೀವು ಬೇಜಾರು ಮಾಡ್ಕೊಂಡಿದ್ದೀರಿ. ಸಣ್ಣ ನಿಘಂಟುಗಳು ಹಾಗೇ ಇರೋದು, ಜಾಗ ಕಮ್ಮಿ, ಸಮಾನಪದ ನಾಲ್ಕು ಕೊಟ್ಟು ಮುಂದೆ ಹೋಗ್ತಾರೆ. ಪದಗಳ ನಡುವೆ ಫರಕು ಬೇಕು ಅಂದ್ರೆ ಪ್ರಯೋಗ ಕೊಡೋ ನಿಘಂಟು ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 8 ಸಂಪುಟ ಇದೆ, ಅದರಲ್ಲಿ ಅರ್ಥದ ಜೊತೆಗೆ ಶಾಸನ, ಕಾವ್ಯಗಳಲ್ಲಿ ಆ ಪದ ಬಂದಿರೋ ಸಾಲನ್ನೇ ಎತ್ತಿ ಕೊಟ್ಟಿರ್ತಾರೆ, ಆ ಸಾಲು ಓದಿದ್ರೆ ಪದ ಯಾರ ಜೊತೆ ಓಡಾಡತ್ತೆ ಅಂತ ತಿಳಿಯತ್ತೆ. ಮನೇಲಿ ಇಡೋಕೆ ಜಾಗ ಇಲ್ಲ ಅಂದ್ರೆ ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ. ಕಿಟ್ಟೆಲ್ ನಿಘಂಟು 1894ರದ್ದು, ಮಂಗಳೂರಿನ ಬಾಸೆಲ್ ಮಿಷನ್ನಿಂದ ಬಂದಿದ್ದು, ಅರ್ಥಗಳೆಲ್ಲ ಇಂಗ್ಲಿಷಲ್ಲಿ, ಹಳೇ ಪದ ಮತ್ತೆ ಗಾದೆಗಳಿಗೆ ಈಗ್ಲೂ ಅದೇ ಗತಿ. ಫೋನಲ್ಲೇ ನೋಡ್ಬೇಕು ಅಂದ್ರೆ ವಿ. ಕೃಷ್ಣ ಅವರ ‘ಅಲರ್’ ಇದೆ, ದುಡ್ಡಿಲ್ಲದೆ ನೋಡಬಹುದು. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂತ ಅಂಕಣ ಬರೀತಿದ್ರಲ್ಲ, ಅದು ಪುಸ್ತಕವಾಗೂ ಬಂದಿದೆ, ನಿಮ್ಮಂಥ ಓದುಗರ ಪ್ರಶ್ನೆಗಳಿಗೇ ಉತ್ತರ ಕೊಟ್ಟಿರೋದು, ಮಾವನವರಿಗೆ ತಂದುಕೊಡಿ, ಒಂದು ವಾರ ಪೇಪರ್ ನಿಮ್ಮ ಕೈಗೇ ಸಿಗತ್ತೆ.

ಪದಬಂಧಕ್ಕೆ ನಿಘಂಟು ಬಳಸೋ ರೀತಿ ಮಾತ್ರ ಸ್ವಲ್ಪ ಉಲ್ಟಾ. ಮಾಡೋರು ಏನ್ ಮಾಡ್ತಾರೆ ಅಂದ್ರೆ ಮೊದಲು ಉತ್ತರದ ಪದ ಗ್ರಿಡ್ಡಿಗೆ ಹಾಕ್ತಾರೆ, ಆಮೇಲೆ ಆ ಪದದ ಕೆಳಗೆ ನಿಘಂಟಲ್ಲಿ ಏನಿದೆಯೋ ಅದನ್ನ ಅಷ್ಟಿಷ್ಟು ತಿರುಗಿಸಿ ಸುಳಿವು ಮಾಡ್ತಾರೆ. ಹಾಗಾಗಿ ನೀವು ‘ಶಕ್ತಿಗುಂದು’ ಅಂತ ನಿಘಂಟಲ್ಲಿ ಹುಡುಕಿದ್ರೆ ಪ್ರಯೋಜನ ಕಮ್ಮಿ. ಮೂರು ಮನೆಗೆ ಕೂರೋ ಅನುಮಾನಿತರನ್ನ ಬರ್ಕೊಂಡು, ಒಂದೊಂದರ ಕೆಳಗೂ ಏನು ಕೊಟ್ಟಿದ್ದಾರೆ ನೋಡಿ, ಸುಳಿವಿನ ಮಾತು ಯಾವುದರ ಕೆಳಗೆ ಹೆಚ್ಚುಕಮ್ಮಿ ಹಾಗೇ ಕಾಣತ್ತೋ ಅದಕ್ಕೆ ಮೊದಲ ಮಣೆ.

ಸುಳಿವಿನ ವ್ಯಾಕರಣ ಕೂಡ ನೋಡಿ. ‘ಶಕ್ತಿಗುಂದಿದ’ ಅನ್ನೋದು ವಿಶೇಷಣದ ಥರ ನಿಂತಿದೆ, ಅಲ್ಲಿ ಉತ್ತರವೂ ಅದೇ ಜಾತಿದಿರಬೇಕು, ಅಂದ್ರೆ ದುರ್ಬಲ, ಅಶಕ್ತ ಇವು ಹೆಚ್ಚು ಸಹಜ. ‘ಶಕ್ತಿಗುಂದಿರುವಿಕೆ’ ಅಂತಿದ್ರೆ ನಾಮಪದ, ದೌರ್ಬಲ್ಯ, ನಿಶ್ಶಕ್ತಿ, ನಿತ್ರಾಣ. ನಿತ್ರಾಣ ಎರಡೂ ಕಡೆ ಕಾಲು ಹಾಕಿರೋ ಪದ, ‘ತುಂಬಾ ನಿತ್ರಾಣ’ ಅಂದ್ರೆ ನಾಮಪದ, ‘ನಿತ್ರಾಣನಾಗಿ ಬಿದ್ದ’ ಅಂದ್ರೆ ಮನುಷ್ಯನಿಗೆ ವಿಶೇಷಣ. ಹಾಗಾಗಿ ಮಾಡಿದವರು ತಪ್ಪು ಮಾಡಿದ್ದಾರೆ ಅನ್ನೋಕಾಗಲ್ಲ, ಆದ್ರೆ ‘ಮೈ ಸೋತ ಸ್ಥಿತಿ’ ಅಂತ ಕೊಟ್ಟಿದ್ರೆ ದುರ್ಬಲ ತಾನಾಗೇ ಹೊರಗೆ ಹೋಗ್ತಿತ್ತು. ಮಾವನವರು ಪತ್ರಿಕೆಗೆ ಪತ್ರ ಬರೀತೀನಿ ಅಂದ್ರೆ ತಡೀಬೇಡಿ, ಆದ್ರೆ ದುರ್ಬಲ ನಿತ್ರಾಣದ ಮೇಲೆ ಬರೆಯೋಕಿಂತ ‘ಸಮಯ’ ಮತ್ತು ‘ಕ್ಷಣ’ದ ಮೇಲೆ ಬರೆಯೋಕೆ ಹೇಳಿ, ಕೇಸು ಅಲ್ಲಿ ಗಟ್ಟಿ ಇದೆ.

ಕೊನೇದಾಗಿ ಕಾಗುಣಿತ, ಯಾಕಂದ್ರೆ ಈ ಶಕ್ತಿಹೀನರ ಬಳಗದಲ್ಲಿ ಮಧ್ಯದ ಮನೆ ಭಾರೀ ಮೋಸಗಾರ. ಸಂಧಿ ಪ್ರಕಾರ ನಿಃ ಮತ್ತು ತ್ರಾಣ ಸೇರಿದ್ರೆ ‘ನಿಸ್ತ್ರಾಣ’ ಆಗ್ಬೇಕು, ನಿಸ್ತೇಜ, ನಿಸ್ತಂತು ಆದ ಹಾಗೆ. ಕನ್ನಡದ ಬಾಯಿ ಆ ಸಕಾರ ನುಂಗಿ ನಿತ್ರಾಣ ಮಾಡ್ಕೊಂಡಿದೆ, ಅದೇ ರೂಢಿ, ಅದೇ ಬರೀರಿ. ಮನೆ ಲೆಕ್ಕ ಎರಡಕ್ಕೂ ಮೂರೇ, ಆದ್ರೆ ಅಡ್ಡ ಪದ ‘ತ್ರಾ’ ಕೇಳತ್ತೋ ‘ಸ್ತ್ರಾ’ ಕೇಳತ್ತೋ ನೋಡ್ಕೋಬೇಕು, ಶಾಸ್ತ್ರಾಭ್ಯಾಸ ಮೇಲಿಂದ ಇಳೀತಿದ್ರೆ ಮಾಡಿದವರು ಹಠಮಾರಿ ಪಂಡಿತರು ಅಂತ ತಿಳ್ಕೊಳ್ಳಿ. ಇನ್ನೊಂದು ನಿಶ್ಶಕ್ತಿ. ಇದನ್ನ ‘ನಿಶ್ಯಕ್ತಿ’ ಅಂತ ಬರೆಯೋದು ಎಷ್ಟು ಹಬ್ಬಿದೆ ಅಂದ್ರೆ ಟಾನಿಕ್ ಜಾಹೀರಾತು, ಆರೋಗ್ಯ ಅಂಕಣ ಎಲ್ಲ ಕಡೆ ಅದೇ ಕಾಣತ್ತೆ. ಶಕ್ತಿಗೆ ಯಕಾರ ಎಲ್ಲಿಂದ ಬಂತು? ನಿಃ ಮತ್ತು ಶಕ್ತಿ, ಶಕಾರಕ್ಕೆ ಶಕಾರದ ಒತ್ತು, ನಿಶ್ಶಕ್ತಿ. ವಿಸರ್ಗ ಉಳಿಸ್ಕೊಂಡು ನಿಃಶಕ್ತಿ ಅಂದ್ರೂ ಸರಿ, ಆಗ ಮಧ್ಯದ ಮನೇಲಿ ಬರೀ ‘ಶ’ ಬರತ್ತೆ. ಪದಬಂಧದಲ್ಲಿ ಈ ಮೂರೂ ರೂಪ ಬರೋ ಸಾಧ್ಯತೆ ಇರೋದ್ರಿಂದ ಮಧ್ಯದ ಮನೆಯನ್ನ ಪೆನ್ಸಿಲ್ಲಲ್ಲೇ ಬರೀರಿ, ಪೆನ್ನು ಆಮೇಲೆ.